ಉಪ್ಪಿನ ಓಣಿಯಲ್ಲಿ ಹೂಂಗುಟ್ಟಿದ್ದು

ಹೂಂ ಅನ್ನುವುದು ಬಿಟ್ಟಿ ಕೆಲಸ ಅಂತ ತಿಳಿದವರು ಒಮ್ಮೆ ನಮ್ಮೂರಿನ ಉಪ್ಪಿನ ಓಣಿಗೆ ಬಂದು ನೋಡಬೇಕು. ಆ ಓಣಿಯ ಎರಡೂ ಬದಿಗೆ ಕಾಣುವ ಕಂಬ, ಕಮಾನು, ಗಿಳಿ ಕೆತ್ತಿದ ಬೋದಿಗೆ, ಹಿತ್ತಾಳೆ ಗುಬ್ಬಿಯ ಬಾಗಿಲು ಎಲ್ಲವೂ ನನ್ನ ಹೂಂನಿಂದ ನಿಂತಿವೆ. ಕಲ್ಲುಕುಟಿಗರು ಉಳಿ ಹಿಡಿದು ಮಾಡುವುದನ್ನು ನಾನು ತುಟಿ ತೆರೆಯದೆ ಮಾಡಿದ್ದೇನೆ. ಜಂಬ ಅಂದುಕೊಳ್ಳಬೇಡಿ. ಪೂರ್ತಿ ಕೇಳಿದ ಮೇಲೆ ನೀವೇ ನನಗೆ ಎರಡು ಬೈಯುತ್ತೀರಿ.

ಓಣಿಯ ರೀತಿ ಹೀಗೆ. ಮನೆಯವರು ತಮ್ಮ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಆ ಮನೆಯ ಚರಿತ್ರೆ ಹೇಳಬೇಕು. ಹೊರಗಿನವನೊಬ್ಬ ಎದುರು ಕೂತು ಹೂಂಗುಟ್ಟಬೇಕು. ಮರುದಿನ ಬೆಳಗಾಗುವಷ್ಟರಲ್ಲಿ ಮನೆ ಆ ಚರಿತ್ರೆಗೆ ತಕ್ಕಂತೆ ನಿಂತಿರುತ್ತದೆ. ಓಣಿಯವರೇ ಓಣಿಯವರಿಗೆ ಹೂಂ ಅಂದರೆ ಒಂದು ಹೆಂಚೂ ಅಲುಗುವುದಿಲ್ಲ. ಒಬ್ಬರ ಮನೆಯ ಹಣೆಬರಹ ಇನ್ನೊಬ್ಬರಿಗೆ ಗೊತ್ತಿರುತ್ತದಲ್ಲ! ನಾನು ಹಳ್ಳದ ಆಚೆಯವನು, ಹೆಸರು ಯಮನಪ್ಪ. ನಮ್ಮಪ್ಪ ಕಥೆ ಹೇಳುವ ಮೇಳದಲ್ಲಿ ಹಿಂದೆ ನಿಂತು 'ಹೂಂ, ಮುಂದ?' ಅನ್ನುತ್ತಿದ್ದವನು. ಅವನು ಬಿಟ್ಟುಹೋದ ಆಸ್ತಿ ಅದೊಂದೇ. ಹದಿನೆಂಟು ವರ್ಷದಿಂದ ಉಪ್ಪಿನ ಓಣಿಗೆ ನಾನೇ ಹೂಂಗುಟ್ಟುವವನು. ಕೂಲಿ ಅಂದರೆ ಒಂದು ಹೊತ್ತಿನ ಊಟ. ಚರಿತ್ರೆ ದೊಡ್ಡದಿದ್ದರೆ ಸಿಹಿ ಊಟ.

ಈ ಕಸುಬಿಗೂ ಕಟ್ಟಳೆಗಳಿವೆ. ಹೇಳುವವರು ತಮ್ಮ ಗೋಡೆ ದಾಟಿ ಪಕ್ಕದ ಮನೆಯ ಜಾಗಕ್ಕೆ ಚರಿತ್ರೆ ಕಟ್ಟತೊಡಗಿದರೆ ಹೂಂ ಅನ್ನಬಾರದು, ಕೆಮ್ಮಬೇಕು. ಕೆಮ್ಮಿದರೆ ಅಷ್ಟು ಮಾತು ಬಿದ್ದುಹೋಗುತ್ತದೆ. ಇನ್ನು, ಹೇಳುವಾಗ ಏನನ್ನು ಬಿಟ್ಟರೋ ಅದು ಮನೆಯಲ್ಲೂ ಇರುವುದಿಲ್ಲ. ಗುರುಬಸಪ್ಪ ಅನ್ನುವವನು ಮೂರು ಅಂತಸ್ತಿನ ಚರಿತ್ರೆ ಹೇಳಿ ಮೆಟ್ಟಿಲಿನ ಸುದ್ದಿಯನ್ನೇ ಮರೆತ. ಇವತ್ತಿಗೂ ಅವನ ಮನೆಯವರು ಏಣಿ ಹಾಕಿಕೊಂಡು ಮಲಗಲು ಹೋಗುತ್ತಾರೆ. ಇನ್ನೊಮ್ಮೆ ಹೇಳೋಣ ಅಂದರೆ, ಎರಡನೇ ಸಲ ಎಲ್ಲಿ ಎರಡು ಕಂಬ ಮರೆತುಹೋಗುತ್ತವೋ ಅಂತ ಅವನಿಗೆ ಹೆದರಿಕೆ.

ನಿಜ ಹೇಳಬೇಕೆಂದರೆ ಆ ಓಣಿಯಲ್ಲಿ ಮೊದಲು ಇದ್ದದ್ದು ಉಪ್ಪುಮಣ್ಣು ತೊಳೆದು ಬದುಕುವವರ ಗುಡಿಸಲು. ಈಗ ಯಾರನ್ನು ಕೇಳಿದರೂ ಅಜ್ಜ ಸರದಾರ, ಮುತ್ತಜ್ಜ ಕಿಲ್ಲೇದಾರ. ಆನೆ ಬರುತ್ತಿತ್ತು ಅಂತ ಒಬ್ಬ ಹೇಳಿದ, ಓಣಿ ಎರಡು ಮೊಳ ಅಗಲವಾಯಿತು. ಎರಡು ಆನೆ ಜೋಡಿಯಾಗಿ ಬರುತ್ತಿದ್ದವು ಅಂತ ಎದುರು ಮನೆಯವನು ಹೇಳಹೊರಟಾಗ ನಾನು ಕೆಮ್ಮಿದೆ, ಇಲ್ಲದಿದ್ದರೆ ಎಷ್ಟೋ ಮನೆಗಳ ಕಟ್ಟೆ ಹೋಗುತ್ತಿತ್ತು. ಇಷ್ಟು ವೈಭವದ ನಡುವೆ ಒಂದೇ ತಾಪತ್ರಯ. ಮುನ್ನೂರು ವರ್ಷದ ಮನೆ ಅಂದಮೇಲೆ ನಳ ಎಲ್ಲಿಂದ ಬರಬೇಕು, ಕಕ್ಕಸು ಎಲ್ಲಿಂದ ಬರಬೇಕು? ಒಂದೊಂದೇ ಮನೆಯಲ್ಲಿ ಅವು ಮಾಯವಾದವು. ಬೆಳಗಾದರೆ ಹೆಂಗಸರು ಚರಿಗೆ ಹಿಡಿದು ಗಂಡಂದಿರ ವಂಶವನ್ನು ಬೈಯುತ್ತ ನಡೆಯುವುದು ರೂಢಿಯಾಯಿತು. "ನಿಮ್ಮಜ್ಜ ಆನಿ ಕಟ್ಟಿದ್ದು ಸಾಕ್ರಿ, ಒಂದು ಬಚ್ಚಲಾ ಕಟ್ಟಿಸಿದ್ದ ಅಂತ ಹೇಳ್ರಿ ಮದಲ!" ಅಂತ ಗುರುಬಸಪ್ಪನ ಹೆಂಡತಿ ಏಣಿಯ ಮೇಲಿಂದಲೇ ಕೂಗುವುದನ್ನು ನಾನೇ ಕೇಳಿದ್ದೇನೆ.

ಆ ಹೆಂಗಸರೆಲ್ಲ ಚರಿಗೆ ಹಿಡಿದು ಹೋಗುತ್ತಿದ್ದದ್ದು ಫಕೀರವ್ವನ ಹಿತ್ತಲಿಗೆ. ಓಣಿಯಲ್ಲಿ ಚರಿತ್ರೆ ಹೇಳದೆ ಉಳಿದವಳು ಅವಳೊಬ್ಬಳೇ. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಲಲ್ಲಿ ತಗಡಿನ ಬಾಗಿಲ ಕಕ್ಕಸು. ಗಂಡ ಹೋದಮೇಲೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುವವಳು. ಬೆಳಗಿನ ಜಾವದಿಂದ ಅವಳ ಅಡುಗೆಮನೆಯ ಪಟಪಟ ಸದ್ದು ಕೇಳಿಯೇ ಓಣಿ ಏಳುತ್ತಿತ್ತು. ನಾನು ಎಷ್ಟೋ ಸಲ ಅಂದಿದ್ದೆ, "ಯಕ್ಕಾ, ನೀನೂ ಒಂದು ಹೇಳಿಬಿಡು. ನಿನ್ನ ಮನೀಗೂ ಎರಡು ಕಂಬ ಬರ್ಲಿ." ಅವಳು ಹಿಟ್ಟಿನ ಕೈ ಝಾಡಿಸಿ, "ನನ್ನ ಮನೀ ಮಾತು ನನಗ ಇರ್ಲಿ ಬಿಡಪಾ. ಕಂಬಕ್ಕ ಡಿಕ್ಕಿ ಹೊಡಿಯಾಕ ನನಗ ಪುರಸೊತ್ತಿಲ್ಲ" ಅನ್ನುತ್ತಿದ್ದಳು.

ಹೀಗಿರುವಾಗ ನಗರಸಭೆಯಿಂದ ಸುದ್ದಿ ಬಂತು. ಸೋಮವಾರ ಹಳೆಯ ಕಟ್ಟಡಗಳ ಅಧಿಕಾರಿ ಬರುತ್ತಾರೆ, ಪ್ರತಿ ಮನೆಯನ್ನೂ ಅಳೆದು ಬರೆದುಕೊಂಡು ಬಾಗಿಲಿಗೆ ಹಿತ್ತಾಳೆಯ ಪಟ್ಟಿ ಹೊಡೆಯುತ್ತಾರೆ. ಪಟ್ಟಿ ಬಿದ್ದಮೇಲೆ ಮನೆ ಹೇಗಿದೆಯೋ ಹಾಗೇ ಇರಬೇಕು. ಆಮೇಲೆ ಯಾರು ಏನು ಹೇಳಿದರೂ, ಯಾರು ಎಷ್ಟು ಹೂಂ ಅಂದರೂ ನಡೆಯುವುದಿಲ್ಲ. ಓಣಿಗೆ ಹುಚ್ಚು ಹಿಡಿದಂತಾಯಿತು. ಆ ವಾರ ನಾನು ದಿನಕ್ಕೆ ನಾಲ್ಕು ಮನೆಯಲ್ಲಿ ಹೂಂ ಅಂದು ನಾಲ್ಕು ಮನೆಯಲ್ಲಿ ಉಂಡೆ.

ಶುಕ್ರವಾರ ಮುರಿಗೆಪ್ಪನವರ ಸರದಿ. ಇವರದು ಫಕೀರವ್ವನ ಪಕ್ಕದ ಮನೆ, ನಡುವೆ ಒಂದೇ ಗೋಡೆ. ವಾಡೆ, ಹೆಬ್ಬಾಗಿಲ ದೇವಡಿ, ನಗಾರಿಖಾನೆ ಎಲ್ಲ ಆಗಲೇ ಹೇಳಿ ಮುಗಿಸಿದ್ದರು. ಆದರೂ ಏನೋ ಕೊರತೆ ಅಂತ ಅವರಿಗೆ ಸಮಾಧಾನವಿರಲಿಲ್ಲ. ಆ ದಿನ ಹೋಳಿಗೆ ಊಟ. ಕಡಲೆಬೇಳೆಯ ಹೂರಣ, ಮೇಲೆ ಬೊಗಸೆ ತುಪ್ಪ. ಆರು ತಿಂದೆ. ಏಳನೆಯದನ್ನು ಅವರ ಹೆಂಡತಿ ಕೈ ಹಿಡಿದು ಬಡಿಸಿದರು. ಕಟ್ಟೆಯ ಮೇಲೆ ಬಂದು ಕೂತಾಗ ರೆಪ್ಪೆ ಭಾರವಾಗಿತ್ತು. ಮುರಿಗೆಪ್ಪನವರು ಹೇಳುತ್ತಿದ್ದರು, ನಾನು ಹೂಂ ಅನ್ನುತ್ತಿದ್ದೆ. ನಡುವೆ ಎಲ್ಲೋ, "ಬಡಗಣ ಗ್ವಾಡಿ ಆಚೆ ನಮ್ಮ ಮುತ್ತಜ್ಜನ ಕುದುರಿ ಲಾಯ ಇತ್ತು ನೋಡು. ಹನ್ನೆರಡು ಕುದುರಿ" ಅಂದರು.

ಬಡಗಣ ಗೋಡೆಯ ಆಚೆ ಏನಿದೆ ಅಂತ ನನಗೆ ಗೊತ್ತಿಲ್ಲವೇ? ದಿನಾ ಅಲ್ಲೇ ನೀರು ಕುಡಿಯುತ್ತಿದ್ದೆ. ಕೆಮ್ಮಬೇಕಿತ್ತು. ತೂಕಡಿಕೆಯಲ್ಲಿ ಹೂಂ ಅಂದುಬಿಟ್ಟೆ.

ಶನಿವಾರ ಬೆಳಿಗ್ಗೆ ಫಕೀರವ್ವ ನನ್ನ ಗುಡಿಸಲಿನ ಮುಂದೆ ನಿಂತಿದ್ದಳು. ಕೈಯಲ್ಲಿ ರೊಟ್ಟಿ ಹಂಚು. ಅಡುಗೆಮನೆಯ ಬಾಗಿಲ ಹೊರಗೆ ತೊಳೆದು ಒಣಗಲು ಇಟ್ಟಿದ್ದರಿಂದ ಅದೊಂದು ಉಳಿದಿತ್ತು. ಒಲೆ ಇಲ್ಲ, ಹಿಟ್ಟಿನ ಬುಟ್ಟಿ ಇಲ್ಲ, ಅಡುಗೆಮನೆಯೇ ಇಲ್ಲ. ಅಲ್ಲೀಗ ಕಲ್ಲಿನ ಗೋದಲಿಗಳು, ಗೋಡೆಗೆ ಹನ್ನೆರಡು ಕಬ್ಬಿಣದ ಬಳೆ. ಕುದುರೆಗಳು ಮಾತ್ರ ಬರಲಿಲ್ಲ. ಚರಿತ್ರೆಯಿಂದ ಈ ಓಣಿಯಲ್ಲಿ ಜೀವ ಇರುವುದು ಯಾವುದೂ ಬರುವುದಿಲ್ಲ. ವಾಸನೆ ಬಂದಿತ್ತು.

"ನಾಲಿಗಿಗೆ ಎಲುಬಿಲ್ಲ ಅಂತಾರ. ಹೂಂ ಅನ್ನಾಕ ನಾಲಿಗಿನೂ ಬ್ಯಾಡ ನೋಡು ಯಮನಪ್ಪಾ," ಅಂದಳು. "ಎಷ್ಟು ಹೋಳಿಗಿ ತಿಂದಿದ್ದಿ?"

"ಏಳು, ಯಕ್ಕಾ."

"ಏಳು ಹೋಳಿಗಿಗೆ ನನ್ನ ಮನಿ ಹೋತು."

ನಂತರ ಇಬ್ಬರೂ ಮುರಿಗೆಪ್ಪನವರ ಹತ್ತಿರ ಹೋದೆವು. ಅವರು ಕೆಟ್ಟವರಲ್ಲ. ಪಾಪ, ಅವರಿಗೇ ಕುದುರೆ ಕಂಡರೆ ಹೆದರಿಕೆ. ಆದರೆ ಹೊಸ ಲಾಯ ನೋಡಿ ಅವರ ಮುಖದ ಮೇಲೆ ಬಂದಿದ್ದ ಕಳೆ ಇಳಿಯಲೊಲ್ಲದು. "ಬಾಯಿಂದ ಹೋದ ಮಾತು ಹೆಂಗ ತರ್ಲೆವಾ? ತಿರುಗಿ ಹೇಳಾಕ ಹೋದ್ರ ನನ್ನ ನಗಾರಿಖಾನಿ ಗತಿ ಏನು? ಲಾಯದಾಗ ಒಂದು ಒಲಿ ಹೂಡ್ಕೋ. ನಾ ಬ್ಯಾಡ ಅನ್ನಂಗಿಲ್ಲ," ಅಂದರು.

"ನನ್ನ ಮನ್ಯಾಗ ನಾ ಒಲಿ ಹೂಡಾಕ ನೀ ಬ್ಯಾಡ ಅನ್ನಂಗಿಲ್ಲ," ಅಂದಳು ಫಕೀರವ್ವ. "ಭಾಳ ದೊಡ್ಡ ಮನಸು ನಿಂದು ಮುರಿಗೆಪ್ಪಣ್ಣಾ."

ದಾರಿ ಒಂದೇ ಇತ್ತು. ಸೋಮವಾರದ ಒಳಗೆ ಅವಳು ತನ್ನ ಕಟ್ಟೆಯ ಮೇಲೆ ಕೂತು ತನ್ನ ಮನೆಯ ಚರಿತ್ರೆ ಹೇಳಬೇಕು, ನಾನು ಹೂಂ ಅನ್ನಬೇಕು. ಇಲ್ಲದಿದ್ದರೆ ಪಟ್ಟಿ ಬೀಳುತ್ತದೆ, ಅವಳ ಅಡುಗೆಮನೆ ಹನ್ನೆರಡು ಕುದುರೆಗಳಿಗೆ ಖಾಯಂ ಆಗುತ್ತದೆ. ಇದನ್ನು ಹೇಳಿದಾಗ ಅವಳ ಮುಖ ಕಪ್ಪಿಟ್ಟಿತು. "ನನಗ ಹೇಳಾಕ ಬರಂಗಿಲ್ಲ" ಅಂದವಳು ಎದ್ದು ಹೋದಳು. ಆ ದಿನವಿಡೀ ಓಣಿಯಲ್ಲಿ ಮೂರು ಕಲ್ಲು ಹೂಡಿ, ಬೇಡಿ ತಂದ ಹಿಟ್ಟಿನಲ್ಲಿ ರೊಟ್ಟಿ ಸುಟ್ಟಳು. ಗಾಳಿಗೆ ಉರಿ ನಿಲ್ಲದೆ ಅರ್ಧ ಸೀದವು. ಖಾನಾವಳಿಯವನು ವಾಪಸು ಕಳಿಸಿದ.

ಓಣಿಯ ಹೆಂಗಸರಿಗೆ ಫಕೀರವ್ವನ ಚಿಂತೆಗಿಂತ ಅವಳ ಹಿತ್ತಲಿನ ಚಿಂತೆ ಹೆಚ್ಚಾಯಿತು. ಪಟ್ಟಿಯ ಆಸೆಗೆ ಮುರಿಗೆಪ್ಪನವರು ನಾಳೆ ಹಿತ್ತಲಲ್ಲೂ ಒಂಟೆ ಕಟ್ಟಿದರೆ? ಗುಂಪುಗುಂಪಾಗಿ ಬಂದು ಬುದ್ಧಿ ಹೇಳಿದರು. "ರಾಣಿ ಅಡಗಿಮನಿ ಅನ್ನು", "ಬೆಳ್ಳಿ ಹಂಚಿತ್ತು ಅನ್ನು", "ಕಲ್ಲಿನ ಗ್ವಾಡಿ, ಸಾಗವಾನಿ ತೊಲಿ ಅನ್ನು, ಯಾರು ಕೇಳ್ತಾರ?" ಫಕೀರವ್ವ ಎಲ್ಲರ ಮಾತಿಗೂ ತಲೆಯಾಡಿಸಿದಳು. ಇಷ್ಟು ಮಂದಿ ಒಬ್ಬಳ ಮನೆಯ ಚರಿತ್ರೆ ಬರೆಯುತ್ತಿದ್ದರು. ಅವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಅನ್ನಿ.

ಭಾನುವಾರ ಮಧ್ಯಾಹ್ನ ಕರೆ ಬಂತು. ಹೋದೆ. ಅವಳ ಕಟ್ಟೆ ಅಂದರೆ ಒಂದು ಹಾಸುಗಲ್ಲು. ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದಳು. ಅಕ್ಕಪಕ್ಕದ ಬಾಗಿಲುಗಳಲ್ಲೆಲ್ಲ ಜನ. ಮುರಿಗೆಪ್ಪನವರು ತಮ್ಮ ದೇವಡಿಯ ಕೆಳಗೆ ನಿಂತಿದ್ದರು.

"ಊಟ ಆಮ್ಯಾಲ," ಅಂದಳು ನನಗೆ. "ಹೊಟ್ಟಿ ತುಂಬಿದ್ರ ನಿನಗ ಕಿವಿ ಕೇಳಂಗಿಲ್ಲ."

ಎದುರು ಕೂತೆ. ಅವಳು ಶುರು ಮಾಡಿದಳು.

"ಈ ಜಾಗಾದಾಗ ಮದಲ ತಿಪ್ಪಿ ಇತ್ತು."

ಬೆಳ್ಳಿ ಹಂಚು ಹೇಳಿಕೊಟ್ಟವರು ಹಣೆ ಚಚ್ಚಿಕೊಂಡರು. ನಾನು ಹೂಂ ಅಂದೆ.

"ನಮ್ಮತ್ತಿ ತಿಪ್ಪಿ ಬಳದು ಜಾಗಾ ಹಸನ ಮಾಡಿದ್ಲು. ನಾ ಮದಿವ್ಯಾಗಿ ಬಂದ ಬ್ಯಾಸಗಿಗೆ ಅತ್ತಿ, ನಾ, ನನ್ನ ಗಂಡ ಮೂರೂ ಮಂದಿ ಹಳ್ಳದ ಮಣ್ಣು ತಂದು ತುಳದು ಗ್ವಾಡಿ ಏರಿಸಿದ್ವಿ. ಇಟ್ಟಂಗಿ ಸುಡಾಕ ಕಟಗಿ ಇರ್ಲಿಲ್ಲ. ಬರೇ ಹಸಿ ಮಣ್ಣು."

"ಹೂಂ."

"ಅಡಗಿಮನ್ಯಾಗ ಎರಡು ಬಾಯಿ ಒಲಿ ನಾನ ಹಾಕಿದ್ನಿ. ಮ್ಯಾಲ ಬೆಳಕಿಂಡಿ ನನ್ನ ಗಂಡ ಬಿಟ್ಟ. ತಪ್ಪು ಜಾಗಾದಾಗ ಬಿಟ್ಟ. ಮಳಿ ಬಂದ್ರ ಸೀದಾ ಹಿಟ್ಟಿನ ಬುಟ್ಟ್ಯಾಗ ನೀರು."

"ಅಯ್ಯ, ಅದನ್ನರ ತಿದ್ದಿ ಹೇಳವಾ!" ಅಂದಳು ಗುರುಬಸಪ್ಪನ ಹೆಂಡತಿ.

"ಯಾಕ? ಅಂವ ಬಿಟ್ಟದ್ದು ಅಲ್ಲೇ."

ಜನ ನಕ್ಕರು. ನಾನೂ ನಗುತ್ತಲೇ ಹೂಂ ಅಂದೆ. ಹಿತ್ತಲ ಕಡೆಯಿಂದ ಯಾರೋ, "ಫಕೀರವ್ವಾ, ಕಕ್ಕಸ ಮರೀಬ್ಯಾಡ ಮತ್ತ!" ಅಂತ ಕೂಗಿದರು. "ಅದು ಕಡೀಕ ಬರ್ತೈತಿ, ತಡಕೋರಿ" ಅಂದಳು. ಮತ್ತೆ ನಗೆ. ನಗು ನಿಲ್ಲುವ ತನಕ ಕಾದು, ಸೆರಗು ಇನ್ನಷ್ಟು ಮುಂದೆ ಎಳೆದುಕೊಂಡಳು.

"ಮನಿ ಆಗಿ ಎರಡು ವರ್ಷಕ್ಕ ಮುದಕಪ್ಪ ಹುಟ್ಟಿದ. ನಮ್ಮ ಮಾವನ ಹೆಸರು. ಮಣ್ಣು ತಿನ್ನೂ ಚಟ ಅದಕ್ಕ. ನಾ ರೊಟ್ಟಿ ಬಡಿಯೂಮುಂದ ಒಲಿ ಬಾಜೂಕ ಕುಂತು ಗ್ವಾಡಿ ಕೆರಕೊಂಡು ತಿಂತಿತ್ತು. ಬಾಯಾಗ ಬೆರಳು ಹಾಕಿ ತಗೀತಿದ್ನಿ. ನಗ್ತಿತ್ತು ಹುಚ್ಚಪ್ಯಾಲಿ."

ಇಷ್ಟು ವರ್ಷ ಅವಳ ಮನೆಯಲ್ಲಿ ನೀರು ಕುಡಿದ ನನಗೆ ಅವಳಿಗೊಂದು ಮಗು ಇತ್ತು ಅನ್ನುವುದೇ ಗೊತ್ತಿರಲಿಲ್ಲ. ಸುತ್ತ ನೋಡಿದೆ. ಓಣಿಯವರಿಗೆಲ್ಲ ಗೊತ್ತಿತ್ತು. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. "ಹೂಂ" ಅಂದೆ ಮೆಲ್ಲಗೆ.

"ಅದಕ್ಕ ಮೂರು ತುಂಬಿದ ವರ್ಷ ಹುಬ್ಬಿ ಮಳಿ ಎಂಟು ದಿನ ಹಿಡೀತು. ಅಡಗಿಮನಿ ಹಿತ್ತಲ ಗ್ವಾಡಿ ನೆನದಿತ್ತು. ನಾ ಕಣ್ಣಾರೆ ನೋಡಿದ್ನಿ. ನಾಳೆ ಒಂದು ಒತ್ತುಗಂಬ ಕೊಟ್ರಾತು ಅಂದ್ಕೊಂಡ್ನಿ..."

"ಫಕೀರವ್ವಾ," ಅಂದರು ಮುರಿಗೆಪ್ಪನವರು. ಅವರ ದನಿಯಲ್ಲಿ ಸರದಾರಿಕೆ ಇರಲಿಲ್ಲ. "ಅದನ್ನ ಬಿಡವಾ. ಅದೊಂದು ಬಿಟ್ಟು ಹೇಳು."

"ಬಿಟ್ರ ಹಿತ್ತಲ ಗ್ವಾಡಿ ಇರಂಗಿಲ್ಲಪಾ."

"ಕಲ್ಲಿಂದು ಇತ್ತು ಅನ್ನು. ಕಲ್ಲಿನ ಗ್ವಾಡಿ ಅನ್ನು, ನಾನೂ ಏನೂ ಅನ್ನಂಗಿಲ್ಲ."

"ಕಲ್ಲಿಂದಿದ್ರ ಬೀಳ್ತಿದ್ದಿಲ್ಲ," ಅಂದಳು. ನನ್ನ ಕಡೆ ತಿರುಗಿದಳು. "ಗ್ವಾಡಿ ಬಿತ್ತು. ಕೂಸು ಅದರ ಕೆಳಗಿತ್ತು."

ಇಲ್ಲದ ಆನೆಗೆ ಹೂಂ ಅಂದವನು ನಾನು, ಕಂಡರಿಯದ ಕಿಲ್ಲೇದಾರರಿಗೆ ಹೂಂ ಅಂದವನು. ಈ ಒಂದು ಮಾತಿಗೆ ಹೂಂ ಬರಲೊಲ್ಲದು. ಹೂಂ ಅಂದರೆ ಆ ಗೋಡೆಯನ್ನು ನಾನೇ ಕೆಡವಿದ ಹಾಗೆ ಅನ್ನಿಸಿತು. ಓಣಿಯವರೆಲ್ಲ ನನ್ನನ್ನೇ ನೋಡುತ್ತಿದ್ದರು. "ಕೆಮ್ಮೋ ಯಮನಪ್ಪಾ. ಕೆಮ್ಮಿಬಿಡೋ," ಅಂದರು ಮುರಿಗೆಪ್ಪನವರು. ಹೌದಲ್ಲ, ಕೆಮ್ಮಿದರೆ ಆ ಮಾತು ಬಿದ್ದುಹೋಗುತ್ತದೆ. ಗೋಡೆ ಬೀಳಲೇ ಇಲ್ಲ ಅಂತಾಗುತ್ತದೆ. ಗಂಟಲಲ್ಲಿ ಕೆಮ್ಮು ಬಂದೂ ಬಿಟ್ಟಿತ್ತು.

"ಕೆಮ್ಮಬ್ಯಾಡ," ಅಂದಳು ಫಕೀರವ್ವ. ಬೇಡಿಕೊಂಡಳೋ ಗದರಿಸಿದಳೋ ಇಂದಿಗೂ ನನಗೆ ತಿಳಿಯದು. "ಇಪ್ಪತ್ತಾರು ವರ್ಷ ಆತು. ಈ ಓಣ್ಯಾಗ ಯಾರ ಮುಂದ ಈ ಮಾತು ತಗದ್ರೂ ಇರ್ಲಿ ಬಿಡವಾ, ಇರ್ಲಿ ಬಿಡವಾ ಅಂತಾರ. ಸಾಕಾಗಿ ನಾನೂ ಬಾಯಿ ಮುಚ್ಚಿದ್ನಿ. ಒಬ್ಬರರ ಹೂಂ ಅಂದಿಲ್ಲ ನನಗ. ನೀ ಅನ್ನು."

ಅಂದೆ. ಹೇಗೆ ಅಂದೆನೋ ದೇವರಿಗೇ ಗೊತ್ತು. ಅದರಲ್ಲಿ ನಮ್ಮಪ್ಪ ಕಲಿಸಿದ ತೂಕವೂ ಇರಲಿಲ್ಲ, ನಯವೂ ಇರಲಿಲ್ಲ. ಮೂಗು ಕಣ್ಣು ಎರಡೂ ಸುರಿಯುತ್ತಿದ್ದವು.

ಅವಳು ಅಳಲಿಲ್ಲ. ದೊಡ್ಡದೊಂದು ಉಸಿರು ಬಿಟ್ಟು ಮುಂದುವರಿಸಿದಳು. "ಬಿದ್ದ ಮಣ್ಣು ತುಳದು ಅದ ಗ್ವಾಡಿ ಮತ್ತ ಏರಿಸಿದ್ವಿ. ಬ್ಯಾರೆ ಮಣ್ಣು ತರಾಕ ಮನಸಾಗ್ಲಿಲ್ಲ." ಅತ್ತೆ ಹೋದದ್ದು, ಗಂಡ ಹೋದದ್ದು, ಸಾಮಾನಿಡುವ ನಾಗೊಂದಿಗೆ ಎಲ್ಲಿತ್ತು, ಹಿಟ್ಟಿನ ಬುಟ್ಟಿ ಎಲ್ಲಿತ್ತು, ಹಿತ್ತಲಿಗೆ ತಗಡಿನ ಬಾಗಿಲು ಎಂದು ಬಂತು, ಎಲ್ಲ ಹೇಳಿದಳು. ಕಕ್ಕಸಿನ ಮಾತು ಬಂದಾಗ ಯಾರೂ ನಗಲಿಲ್ಲ. ನಾನು ಎಲ್ಲಕ್ಕೂ ಹೂಂ ಅಂದೆ. ಮುಗಿದ ಮೇಲೆ ಮೂರು ಕಲ್ಲಿನ ಒಲೆಯ ಮೇಲೆ ಎರಡು ರೊಟ್ಟಿ ಸುಟ್ಟು ಕೊಟ್ಟಳು. ಸೀದಿದ್ದವು, ತಿಂದೆ. ಮುರಿಗೆಪ್ಪನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡವರು ಸಂಜೆಯ ತನಕ ಹೊರಗೆ ಬರಲಿಲ್ಲ.

ಸೋಮವಾರ ಅಧಿಕಾರಿ ಬಂದರು. ಕನ್ನಡಕದ ಸಣ್ಣ ಮನುಷ್ಯ, ಜೊತೆಗೆ ಅಳತೆ ಪಟ್ಟಿ ಹಿಡಿಯುವವನೊಬ್ಬ, ಸುತ್ತಿಗೆ ಹಿಡಿದವನೊಬ್ಬ. ಕಂಬಕ್ಕೊಮ್ಮೆ ಕೈಮುಗಿಯುವುದೊಂದು ಬಾಕಿ. "ಎಂಥಾ ಓಣಿ! ಎಂಥಾ ಪರಂಪರೆ!" ಅನ್ನುತ್ತ ಒಂದೊಂದೇ ಬಾಗಿಲಿಗೆ ಪಟ್ಟಿ ಹೊಡೆಸಿದರು. ಗುರುಬಸಪ್ಪನ ಏಣಿಯನ್ನೂ 'ಮೂಲ ವಿನ್ಯಾಸ' ಅಂತ ಬರೆದುಕೊಂಡರು. ಪಟ್ಟಿ ಬಿದ್ದಮೇಲೆ ಅಲ್ಲಿ ಮೆಟ್ಟಿಲೂ ಇಲ್ಲ, ಯಾವ ಮನೆಯಲ್ಲೂ ನಳವೂ ಇಲ್ಲ, ಕಕ್ಕಸೂ ಇಲ್ಲ. ಸರದಾರರ ಸೊಸೆಯಂದಿರು ಚರಿಗೆ ಹಿಡಿದು ಸಾಲು ನಿಲ್ಲುವುದು ಶಾಶ್ವತವಾಯಿತು. ನನ್ನ ಕಸುಬೂ ಅಲ್ಲಿಗೆ ಮುಗಿಯಿತು ಅನ್ನುವುದು ಆಗ ಹೊಳೆಯಿತು. ಮುರಿಗೆಪ್ಪನವರ ಬಡಗಣ ಗೋಡೆಯಲ್ಲಿ ಲಾಯಕ್ಕೆ ಹೋಗುವ ಕಮಾನಿನ ಬಾಗಿಲು ಹಾಗೇ ಉಳಿದಿತ್ತು. ತೆಗೆದರೆ ಎದುರಿಗೆ ಮಣ್ಣಿನ ಗೋಡೆ. ಅಧಿಕಾರಿ ಅದನ್ನು 'ಗುಪ್ತದ್ವಾರ' ಅಂತ ಬರೆದುಕೊಂಡರು. ಮುರಿಗೆಪ್ಪನವರು ಮುಂದೆ ಬಂದು ಆ ಬಾಗಿಲನ್ನು ಮೆಲ್ಲಗೆ ಮುಚ್ಚಿದರು.

ಕೊನೆಗೆ ಫಕೀರವ್ವನ ಮನೆ. ಪಟಪಟ ಸದ್ದು ಹೊರಗೇ ಕೇಳುತ್ತಿತ್ತು. ಅವರ ಹಿಂದೆ ನಾನೂ ಹೋದೆ. ಅಡುಗೆಮನೆ ಮೊದಲಿನಂತೆಯೇ ಇತ್ತು. ಎರಡು ಬಾಯಿಯ ಒಲೆ, ತಪ್ಪು ಜಾಗದಲ್ಲಿ ಬೆಳಕಿಂಡಿ, ಸ್ವಲ್ಪ ಸೊಟ್ಟಗೆ ಎದ್ದ ಹಿತ್ತಲ ಗೋಡೆ. ಅಧಿಕಾರಿ ಕತ್ತೆತ್ತಿ ನೋಡಿದರು, ಕತ್ತು ತಗ್ಗಿಸಿ ನೋಡಿದರು. ಬರೆದುಕೊಳ್ಳಲು ಏನೂ ಸಿಗಲಿಲ್ಲ.

"ಇದು ಯಾವ ಅರಸರ ಕಾಲದ್ದಮ್ಮಾ?"

"ನಮ್ಮತ್ತಿ ಕಾಲದ್ದ್ರಿ."

ಅವರ ಕಾಗದದಲ್ಲಿ ಅದಕ್ಕೆ ಜಾಗವಿರಲಿಲ್ಲ. 'ವಿಶೇಷವೇನೂ ಇಲ್ಲ' ಅಂತ ಬರೆದು ಪೆನ್ನು ಮುಚ್ಚಿದರು. ಸುತ್ತಿಗೆಯವನು ಉಳಿದ ಮೊಳೆಗಳನ್ನು ಚೀಲಕ್ಕೆ ಹಾಕಿಕೊಂಡ. ಹೊರಡುವಾಗ ಅಧಿಕಾರಿಯ ಕಣ್ಣು ಒಲೆಯ ಪಕ್ಕದ ಗೋಡೆಯ ಬುಡಕ್ಕೆ ಬಿತ್ತು. "ಇಲ್ಲಿ ಯಾಕಮ್ಮಾ ಹೀಗೆ ಕೆರೆದುಹೋಗಿದೆ? ಇಲಿ ಕಾಟವೇ? ಚೂರು ಮಣ್ಣು ಮೆತ್ತಿ ಸಾರಿಸಿಬಿಡಿ," ಅಂದರು.

ನಾನು ಬಗ್ಗಿ ನೋಡಿದೆ. ನೆಲದಿಂದ ಒಂದೂವರೆ ಗೇಣು ಮೇಲೆ, ಇಪ್ಪತ್ತಾರು ವರ್ಷ ಸಾರಿಸಿ ಸಾರಿಸಿ ಮುಚ್ಚಿಹೋಗಿದ್ದ ಜಾಗ ತೆರೆದುಕೊಂಡಿತ್ತು. ಹಸಿ ಮಣ್ಣಿನಲ್ಲಿ ಸಣ್ಣ ಸಣ್ಣ ನಾಲ್ಕು ಬೆರಳಿನ ಗೀರು. ಗೀರಿನ ತುದಿಯಲ್ಲಿ ಉಗುರಿನ ಗುರುತು. ಕೆಳಗೆ ನೆಲದ ಮೇಲೆ ಒಂದು ಚಿಟಿಕೆ ಉದುರಿದ ಮಣ್ಣು ಇನ್ನೂ ಬಿದ್ದಿತ್ತು. ಅಷ್ಟು ಅಚ್ಚುಕಟ್ಟಾಗಿ ಗುಡಿಸಿದ ಅಡುಗೆಮನೆಯಲ್ಲಿ ಅದೊಂದನ್ನು ಅವಳು ಗುಡಿಸಿರಲಿಲ್ಲ.

"ಇಲಿ ಅಲ್ರಿ," ಅಂದಳು ಫಕೀರವ್ವ. ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. "ನನ್ನ ಮಗ."